ಪಿಎಸ್4ರ ಹಳೇ ಡಿಸ್ಕ್ ಇದ್ದರೆ ಯಾವ ಪಿಎಸ್5 ತಗೋಬೇಕು?

ನಿಮ್ಮ ಹತ್ತಿರ ಪಿಎಸ್4ರ (ಸೋನಿಯ ಪ್ಲೇಸ್ಟೇಷನ್ 4 ಎಂಬ ಆಟದ ಮೆಷೀನ್) ಹದಿನೈದು ಡಿಸ್ಕ್ ಇವೆ, ಅರ್ಧ ಸೆಕೆಂಡ್ ಹ್ಯಾಂಡ್, ಅದರ ಮುಂದಿನ ಮೆಷೀನ್ ಪಿಎಸ್5ನಲ್ಲಿ ಓಡುತ್ತವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ತಗೊಳ್ಳಿ, ಹೆಚ್ಚುಕಮ್ಮಿ ಎಲ್ಲವೂ ಓಡುತ್ತವೆ. ಡಿಸ್ಕ್ ಯಾರ ಕೈಯಿಂದ ಬಂತು ಅಂತ ಮೆಷೀನ್ ಕೇಳುವುದಿಲ್ಲ.

ಆದರೆ ಬೆಲೆ ಕಮ್ಮಿ ಅಂತ ಡಿಜಿಟಲ್ ಎಡಿಷನ್‌ಗೆ ಮಾತ್ರ ಹೋಗಬೇಡಿ. ಅದರಲ್ಲಿ ಡಿಸ್ಕ್ ಹಾಕುವ ಡ್ರೈವ್ ಇರುವುದಿಲ್ಲ, ಡ್ರೈವ್ ಇರುವ ಪಿಎಸ್5 ತಗೊಳ್ಳಿ. ಡೌನ್‌ಲೋಡ್ ಮಾಡಿಕೊಂಡ ಆಟವನ್ನು ಆಡಿ ಮುಗಿಸಿದ ಮೇಲೆ ಮಾರುವುದಕ್ಕೂ ಆಗುವುದಿಲ್ಲ. ಪಿಎಸ್3ರ ಡಿಸ್ಕ್ ಯಾವ ಪಿಎಸ್5ನಲ್ಲೂ ಓಡುವುದಿಲ್ಲ, ಪಿಎಸ್3ರ ಮುಖ್ಯ ಚಿಪ್ ಆದ ಸೆಲ್ ಪ್ರೊಸೆಸರೇ ಬೇರೆ ಥರದ್ದು.

2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಂಬ ತನ್ನ ಆಟದ ಮೆಷೀನ್ ಬರುವ ಮುಂಚೆ ಮೈಕ್ರೋಸಾಫ್ಟ್ ಹಳೇ ಡಿಸ್ಕ್ ಕೈ ಬದಲಾಯಿಸುವುದಕ್ಕೆ ಕಟ್ಟುಪಾಡು ಹಾಕಲು ಹೊರಟಿತ್ತು. 24 ಗಂಟೆಗೊಮ್ಮೆ ಇಂಟರ್ನೆಟ್ ಬೇರೆ ಬೇಕಿತ್ತು! ಜನ ಸುಮ್ಮನಿರಲಿಲ್ಲ, ಜೂನ್‌ನಲ್ಲೇ ಎರಡನ್ನೂ ಕೈಬಿಟ್ಟರು. ದುಡ್ಡು ಕೊಟ್ಟ ಡಿಸ್ಕ್ ನಮ್ಮದು, ಅಲ್ವಾ?

ಇನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಡಿಸ್ಕನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ಸಿಗುವಷ್ಟು ಆಳದ ಗೀರು ಇದ್ದರೆ ಬಿಟ್ಟುಬಿಡಿ. ಡಬ್ಬಿಯೊಳಗಿನ ಕೋಡ್ ಚೀಟಿಗೆ (ಆಟದ ಹೆಚ್ಚುವರಿ ಭಾಗ ಡೌನ್‌ಲೋಡ್ ಮಾಡಿಕೊಳ್ಳುವುದಕ್ಕೆ ಕೊಡುವುದು) ಜಾಸ್ತಿ ದುಡ್ಡು ಕೊಡಬೇಡಿ. ಅದು ಒಂದೇ ಸಲಕ್ಕೆ, ಮೊದಲಿನವರು ಬಳಸಿರುತ್ತಾರೆ.