ನೆನಪು ಹೋದರೂ ಬಿಲ್ ಹೋಗಲ್ಲ

ಹೋದ ತಿಂಗಳು ರೋಲ್ ಪ್ಲೇಯಿಂಗ್ ಗೇಮ್‌ಗಳ, ಅಂದರೆ ಆಡುವವನೇ ಒಂದು ಪಾತ್ರವಾಗಿ ಕಥೆ ನಡೆಸುವ ಕಂಪ್ಯೂಟರ್ ಆಟಗಳಾದ ಆರ್‌ಪಿಜಿಗಳ ಬಗ್ಗೆ ಬರೆಯುವಾಗ 'ಅಸ್ತಿತ್ವವಾದ' ಅನ್ನೋ ಪದವನ್ನು ಒಂದೇ ಒಂದು ಸಾರಿ ಬಳಸಿ ಮೆಲ್ಲಗೆ ಮುಂದೆ ಹೋಗಿದ್ದೆ. ನೀವು ಬಿಡಲಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಅದರ ಬಗ್ಗೆಯೇ. ಬೇರೆ ಪ್ರಶ್ನೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು, ಕ್ಷಮಿಸಿ.

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ. ರಾತ್ರಿ ಎರಡು ಗಂಟೆಯಾದರೂ ಲ್ಯಾಪ್‌ಟಾಪ್ ಮುಂದೆಯೇ ಇರ್ತಾನೆ. ಬೈದರೆ 'ಅಮ್ಮಾ, ಇದು ಆಟ ಅಲ್ಲ, ಸಾರ್ತ್ರ್ ಫಿಲಾಸಫಿ' ಅಂತಾನೆ. ಡಿಸ್ಕೋ ಎಲಿಸಿಯಮ್ ಅಂತೆ ಅದರ ಹೆಸರು. ನಾನು ನೋಡಿದಾಗಲೆಲ್ಲ ಒಬ್ಬ ಕುಡುಕ ಪೊಲೀಸ್ ಯಾರ ಜೊತೆಗೋ ಮಾತಾಡ್ತಾ ನಿಂತಿರ್ತಾನೆ. ಹುಡುಗ ನನಗೆ ಟೋಪಿ ಹಾಕ್ತಿದ್ದಾನಾ?
– ಗೃಹಿಣಿ, ಹಾಸನ

ಉತ್ತರ: ಅರ್ಧ ಟೋಪಿ, ಅರ್ಧ ನಿಜ, ಅಮ್ಮಾ. ಆ ಕುಡುಕ ಮಾತಾಡ್ತಾ ನಿಂತಿರೋದೇ ಇಡೀ ಆಟ. ನೀವು ಸರಿಯಾಗೇ ನೋಡಿದ್ದೀರಿ.

ಅಸ್ತಿತ್ವವಾದಕ್ಕೆ ಹೆಸರಾದ ಫ್ರೆಂಚ್ ತತ್ವಜ್ಞಾನಿ ಜಾನ್-ಪಾಲ್ ಸಾರ್ತ್ರ್ ಹೇಳಿದ್ದು ಏನು ಅಂತ ಮೊದಲು ನೋಡೋಣ. 1945ರ ಅಕ್ಟೋಬರ್ 29ರಂದು ಪ್ಯಾರಿಸ್‌ನಲ್ಲಿ ಅವನು ಒಂದು ಭಾಷಣ ಮಾಡಿದ. ಅದರಲ್ಲಿ ಕಾಗದ ಕತ್ತರಿಸುವ ಚಾಕುವಿನ ಉದಾಹರಣೆ ಕೊಟ್ಟ. ನಾನು ನಿಮಗೆ ಈಳಿಗೆ ಮಣೆಯನ್ನೇ ಹೇಳುತ್ತೇನೆ. ಈಳಿಗೆ ಹುಟ್ಟುವ ಮೊದಲೇ ಅದು ಯಾತಕ್ಕೆ ಅಂತ ಕಮ್ಮಾರನಿಗೆ ಗೊತ್ತು. ತರಕಾರಿ ಹೆಚ್ಚೋದಕ್ಕೆ. ಮನುಷ್ಯ ಹಾಗಲ್ಲ ಅಂದ ಸಾರ್ತ್ರ್. ಅವನನ್ನು ಯಾವ ಕಮ್ಮಾರನೂ ಇಂಥದ್ದಕ್ಕೆ ಅಂತ ಮಾಡಿಲ್ಲ. ಮೊದಲು ಸುಮ್ನೆ ಬಂದು ಬೀಳುತ್ತಾನೆ. ಏನು ಅನ್ನೋದು ಆಮೇಲೆ, ಅವನು ಮಾಡುವ ಕೆಲಸದಿಂದ ಆಗಬೇಕು. ತಪ್ಪಾದರೆ ಹಣೆಬರಹದ ಮೇಲೆ ಹಾಕೋ ಹಾಗಿಲ್ಲ.

ಈಗ ನಿಮ್ಮ ಮಗನ ಆಟಕ್ಕೆ ಬನ್ನಿ. ಎಸ್ಟೋನಿಯಾ ಮೂಲದ ತಂಡವೊಂದು 2019ರಲ್ಲಿ ತಂದದ್ದು. ಹೋಟೆಲ್ ರೂಮಿನಲ್ಲಿ ಒಬ್ಬನಿಗೆ ಎಚ್ಚರವಾಗುತ್ತದೆ. ಮೈಮೇಲೆ ಬಟ್ಟೆ ಇಲ್ಲ, ಟೈ ಸೀಲಿಂಗ್ ಫ್ಯಾನಿಗೆ ಸಿಕ್ಕಿಹಾಕಿಕೊಂಡು ತಿರುಗುತ್ತಿದೆ. ತನ್ನ ಹೆಸರು ಗೊತ್ತಿಲ್ಲ. ತಾನು ಪೊಲೀಸ್ ಅನ್ನೋದೂ ಬೇರೆಯವರು ಹೇಳಿ ಗೊತ್ತಾಗಬೇಕು. ಕೆಳಗೆ ಇಳಿದು ಬಂದರೆ ಹೋಟೆಲ್ ಮ್ಯಾನೇಜರ್ ಕಾಯುತ್ತಿದ್ದಾನೆ: ರೂಮ್ ಹಾಳು ಮಾಡಿದ್ದೀರಿ, 130 ರಿಯಲ್ ಕೊಡಿ. ಹಿತ್ತಲಲ್ಲಿ ಮರಕ್ಕೆ ನೇತುಬಿದ್ದ ಹೆಣವೊಂದು ಇನ್ನೂ ಹಾಗೇ ಇದೆ, ಕೆಳಗಿಳಿಸಬೇಕಾದವನು ಇವನೇ.

ನನಗೆ ಇಷ್ಟವಾದ ಜಾಗ ಅದು. ಅವನಿಗೆ ನೆನಪಿಲ್ಲ, ಆದರೆ ಬಿಲ್ ಇದೆ. ಇನ್ನು ಮುಂದೆ ನೀನು ಯಾರು ಬೇಕಾದರೂ ಆಗಬಹುದು, ಸೂಪರ್‌ಸ್ಟಾರ್ ಪೊಲೀಸ್ ಅಂತ ಮೆರೆಯಬಹುದು, ಮಾತೆತ್ತಿದರೆ 'ಸಾರಿ' ಅನ್ನುವ ಪೊಲೀಸ್ ಆಗಬಹುದು. ಆದರೆ ಹಳೇ ಬಾಕಿ ನಿನ್ನದೇ.

ಇಷ್ಟು ಮಗ ನಿಮಗೆ ಹೇಳಿದರೆ ಅವನು ನಿಜವಾಗಿ ಆಡುತ್ತಿದ್ದಾನೆ. ಹೇಳದಿದ್ದರೆ ಟೋಪಿ. ಇನ್ನೊಂದು ಮಾತು: ಇದು ದೊಡ್ಡವರ ಆಟ. ಕುಡಿತ, ಡ್ರಗ್ಸ್, ಬೈಗುಳ ಎಲ್ಲಾ ಇದೆ. ಪರೀಕ್ಷೆ ಮುಗಿಯುವವರೆಗೆ ಲ್ಯಾಪ್‌ಟಾಪ್ ನಿಮ್ಮ ರೂಮಿನಲ್ಲಿರಲಿ. ಸಾರ್ತ್ರ್ ಎಲ್ಲೂ ಹೋಗಲ್ಲ.

ಪ್ರಶ್ನೆ: ನೆನಪು ಕಳೆದುಕೊಂಡ ನಾಯಕ ಅನ್ನೋದು ಹಳಸಲು ತಂತ್ರ ಅಲ್ವಾ ಸರ್? ನಮ್ಮ ಹಳೇ ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದ ಹಾಗೆ. ಇದರಲ್ಲಿ ತತ್ವಶಾಸ್ತ್ರ ಎಲ್ಲಿಂದ ಬಂತು? ಬರೆಯೋರ ಸೋಮಾರಿತನ ಅನ್ನಿ.
– ಪದವಿ ವಿದ್ಯಾರ್ಥಿ, ಮಂಗಳೂರು

ಉತ್ತರ: ಹತ್ತರಲ್ಲಿ ಒಂಬತ್ತು ಕಡೆ ಸೋಮಾರಿತನವೇ. ಹತ್ತನೆಯದಕ್ಕೋಸ್ಕರ ಸ್ವಲ್ಪ ಉದ್ದ ಹೇಳಬೇಕು.

2003ರಲ್ಲಿ ನಾನು ದಾವಣಗೆರೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದೆ. ಆರು ಮಷಿನ್, ಗಂಟೆಗೆ 20 ರೂಪಾಯಿ. ಹುಡುಗರೆಲ್ಲ ಗುಂಪು ಕಟ್ಟಿಕೊಂಡು ಗುಂಡು ಹಾರಿಸೋರು. ರಾತ್ರಿ ಹತ್ತಕ್ಕೆ ಶಟರ್ ಅರ್ಧ ಇಳಿಸಿ, ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿ, ಮೂಲೆ ಮಷಿನ್‌ನಲ್ಲಿ ನಾನು ಆಡುತ್ತಿದ್ದದ್ದು ಪ್ಲೇನ್‌ಸ್ಕೇಪ್: ಟಾರ್ಮೆಂಟ್. 1999ರ ಡಿಸೆಂಬರ್‌ನಲ್ಲಿ ಬಂದದ್ದು, ಬ್ಲ್ಯಾಕ್ ಐಲ್ ಸ್ಟುಡಿಯೋಸ್‌ನದು. ನಾಲ್ಕು ಸಿ.ಡಿ. ಪಕ್ಕದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು. ಬಿ.ಎ.ನಲ್ಲಿ ಮೂರು ವರ್ಷ ತತ್ವಶಾಸ್ತ್ರ ಓದಿದ್ದೆ, ಅರ್ಥವಾಗಲು ಶುರುವಾಗಿದ್ದು ಆ ಮೂಲೆಯಲ್ಲಿ.

ಅದಕ್ಕೂ ಮೊದಲು, 1998ರಲ್ಲಿ ಬಾಲ್ಡರ್ಸ್ ಗೇಟ್ ಬಂದಿತ್ತು. ಅದೇ ಎಂಜಿನ್, ಅಂದರೆ ಆಟ ಓಡಿಸುವ ಅದೇ ತಂತ್ರಾಂಶ. ಅಲ್ಲಿ ಆಟ ಶುರುವಾಗುವ ಮೊದಲೇ ನೀವು ಒಂದು ಅರ್ಜಿ ತುಂಬಬೇಕು: ಯೋಧನೋ, ಕಳ್ಳನೋ, ಮಂತ್ರವಾದಿಯೋ? ಒಳ್ಳೆಯವನೋ ಕೆಟ್ಟವನೋ? ಗುಣ ಮೊದಲು, ಬದುಕು ಆಮೇಲೆ. ಅಂದರೆ ಅಪ್ಪಟ ಈಳಿಗೆ ಮಣೆ! ಬಹುಪಾಲು ಆರ್‌ಪಿಜಿಗಳು ಇವತ್ತಿಗೂ ಹೀಗೇ.

ಟಾರ್ಮೆಂಟ್ ಆ ಅರ್ಜಿಯನ್ನೇ ಹರಿದುಹಾಕಿತು. ನಾಯಕನಿಗೆ ಹೆಸರೇ ಇಲ್ಲ. ಸಿಗಿಲ್ ಅನ್ನೋ ಊರಿನ ಶವಾಗಾರದ ಕಲ್ಲುಮಂಚದ ಮೇಲೆ ಎಚ್ಚರವಾಗುತ್ತದೆ. ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ, ನಡುವೆ. ಆಮೇಲೆ ನೀವು ಕೊಟ್ಟ ಮಾತು, ಮುರಿದ ಮಾತು, ಎತ್ತಿದ ಕೈ, ಚಾಚಿದ ಕೈ ಇವುಗಳಿಂದ ಅವನ ಗುಣ ಆ ಕಡೆಗೋ ಈ ಕಡೆಗೋ ಜರುಗುತ್ತಾ ಹೋಗುತ್ತದೆ. ಕಸುಬೂ ಹಾಗೇ. ಯೋಧನಾಗಿ ಶುರುವಾದವನು ಗುರು ಸಿಕ್ಕರೆ ಮಂತ್ರ ಕಲಿಯಬಹುದು, ಕಳ್ಳತನವನ್ನೂ ಕಲಿಯಬಹುದು.

ಇನ್ನು ನೆನಪಿನ ವಿಷಯ. ಇವನಿಗೆ ಸಾವಿಲ್ಲ. ಸತ್ತರೆ ಎದ್ದು ಕೂರುತ್ತಾನೆ, ಆದರೆ ಎಷ್ಟೋ ಸಲ ಹಿಂದಿನದೆಲ್ಲ ಅಳಿಸಿಹೋಗಿರುತ್ತದೆ. ಹಾಗೆ ಹಿಂದೆ ಇದ್ದ 'ಇವನು'ಗಳು ಹಲವರು. ಅವರಲ್ಲಿ ಒಬ್ಬ ಲೆಕ್ಕಾಚಾರದ ಕಟುಕ. ನಂಬಿಕೆ ಕಳೆದುಕೊಂಡಿದ್ದ ಡಕ್ಕೋನ್ ಎಂಬವನನ್ನು ಕಾಪಾಡಿ, 'ನಿನ್ನ ಸಾವಿನ ತನಕ ನಿನ್ನ ಸೇವೆ' ಅಂತ ಮಾತು ತೆಗೆದುಕೊಂಡ. ಸಾವೇ ಇಲ್ಲದವನಿಗೆ ಕೊಟ್ಟ ಮಾತು ಅದು! ಡಿಯೊನಾರಾ ಅನ್ನೋ ಹುಡುಗಿ ಇವನನ್ನು ಪ್ರೀತಿಸಿದಳು. ಅವಳು ದೆವ್ವವಾದರೆ ತನಗೆ ಉಪಯೋಗ ಅಂತ ಅವಳನ್ನು ಸಾವಿಗೆ ಕರೆದುಕೊಂಡು ಹೋದ. ಶವಾಗಾರದಲ್ಲಿ ಅವಳ ದೆವ್ವ ಎದುರು ನಿಂತು 'ನನ್ನ ಪ್ರಿಯಾ' ಅಂತ ಕರೆಯುವಾಗ ನಿಮಗೆ ಅವಳು ಯಾರು ಅಂತಲೇ ಗೊತ್ತಿಲ್ಲ.

ಹಾಗಾದರೆ ಹೇಳಿ, ಆ ಪಾಪ ಯಾರದ್ದು? 'ನಾನಲ್ಲ, ಅವನು' ಅನ್ನಬಹುದಾ? ಸಿನಿಮಾದಲ್ಲಿ ತಲೆಗೆ ಇನ್ನೊಂದು ಪೆಟ್ಟು ಬಿದ್ದು ನೆನಪು ಮರಳಿದರೆ ಎಲ್ಲಾ ಸುಖಾಂತ. ಇಲ್ಲಿ ನೆನಪು ಬಂದಷ್ಟೂ ಸಾಲ ಜಾಸ್ತಿ. ಸಾರ್ತ್ರ್ ಮನುಷ್ಯನನ್ನು ಖಾಲಿ ಹಾಳೆ ಅಂದುಕೊಂಡಿದ್ದ ಅಂತ ಕೆಲವರು ತಿಳಿದಿದ್ದಾರೆ, ಅದು ತಪ್ಪು. ಆದದ್ದನ್ನು ಅಳಿಸೋಕೆ ಆಗಲ್ಲ, ಅದರ ಜೊತೆ ಈಗ ಏನು ಮಾಡ್ತೀಯ ಅನ್ನೋದಷ್ಟೇ ನಿನ್ನ ಕೈಯಲ್ಲಿದೆ ಅನ್ನೋದು ಅವನ ವಾದ.

ಪ್ರಶ್ನೆ: ನಾನು ಪ್ರತಿ ಆಯ್ಕೆಗೂ ಮುಂಚೆ ಸೇವ್ ಮಾಡ್ತೀನಿ. ಫಲಿತಾಂಶ ಸರಿಹೋಗದಿದ್ದರೆ ಮತ್ತೆ ಲೋಡ್ ಮಾಡಿ ಆ ಆಯ್ಕೆಗೇ ವಾಪಸ್. ಗೆಳೆಯರು ಇದು ಮೋಸ ಅಂತಾರೆ. ದುಡ್ಡು ಕೊಟ್ಟು ಕೊಂಡ ಆಟ, ನನ್ನಿಷ್ಟ ಅಲ್ವಾ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ನಿಮ್ಮಿಷ್ಟವೇ. ಮೋಸ ಅನ್ನಲ್ಲ. ಆದರೆ ಊಟ ಬಡಿಸಿಕೊಂಡು ಬರೀ ಉಪ್ಪಿನಕಾಯಿ ನೆಕ್ಕಿ ಎದ್ದ ಹಾಗೆ.

ಅದೇ 1945ರ ಭಾಷಣದಲ್ಲಿ ಸಾರ್ತ್ರ್ ತನ್ನ ಹತ್ತಿರ ಬಂದ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತಾನೆ. ಯುದ್ಧದ ಕಾಲ. ಅಣ್ಣ 1940ರಲ್ಲಿ ಜರ್ಮನರ ದಾಳಿಯಲ್ಲಿ ಸತ್ತಿದ್ದಾನೆ. ತಾಯಿಗೆ ಈ ಮಗನೇ ಆಸರೆ. ಇಂಗ್ಲೆಂಡಿಗೆ ಹೋಗಿ ಫ್ರೆಂಚ್ ಸೇನೆ ಸೇರಲೋ, ತಾಯಿ ಹತ್ರ ಉಳಿಯಲೋ? ಸಾರ್ತ್ರ್ ಉತ್ತರ ಇಷ್ಟೇ: ನೀನು ಸ್ವತಂತ್ರ, ಆರಿಸಿಕೋ. ಆ ಹುಡುಗನ ಹತ್ರ ಆಟ ಸೇವ್ ಮಾಡುವ ಎಫ್5 ಕೀ ಇದ್ದಿದ್ದರೆ? ಎರಡೂ ಮಾಡಿ ನೋಡುತ್ತಿದ್ದ. ಆಗ ಅದು ಆಯ್ಕೆಯಲ್ಲ, ಬಟ್ಟೆ ಅಂಗಡಿಯ ಟ್ರಯಲ್ ರೂಮ್.

ಒಳ್ಳೆ ಆಟ ಬರೆಯೋರಿಗೆ ಈ ತೊಂದರೆ ಗೊತ್ತು. ಡಿಸ್ಕೋ ಎಲಿಸಿಯಮ್‌ನಲ್ಲಿ ದಾಳ ಉರುಳಿಸುವ ಪರೀಕ್ಷೆಗಳು ಎರಡು ಬಗೆ. ಬಿಳಿಯದರಲ್ಲಿ ಸೋತರೆ ಆ ಕೌಶಲ ಬೆಳೆಸಿಕೊಂಡು ಮತ್ತೆ ಬರಬಹುದು. ಕೆಂಪು ಒಂದೇ ಸಲ. ಸೋತಾಗ ಬರುವ ಮಾತುಗಳು ಗೆದ್ದಾಗಿನದಕ್ಕಿಂತ ಚೆನ್ನಾಗಿರುತ್ತವೆ, ಅದೂ ಬೇಕಂತಲೇ.

ಟಾರ್ಮೆಂಟ್ ಇನ್ನೂ ಕ್ರೂರ. ಸತ್ತರೆ ಎದ್ದು ಬರ್ತೀನಲ್ಲ ಅಂತ ನೀವು ಧೈರ್ಯವಾಗಿ ಸಾಯ್ತಾ ಹೋಗುತ್ತೀರಿ. ಕೊನೆಗೆ ಗೊತ್ತಾಗುತ್ತದೆ, ನೀವು ಸತ್ತ ಪ್ರತಿ ಸಲವೂ ನಿಮ್ಮ ಬದಲಿಗೆ ಬೇರೆ ಯಾರೋ ಸತ್ತಿದ್ದಾರೆ. ದಾರಿಯುದ್ದಕ್ಕೂ ಅಟ್ಟಿಸಿಕೊಂಡು ಬಂದ ನೆರಳುಗಳು ಅವರೇ. ಅದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಶಟರ್ ಪೂರ್ತಿ ಇಳಿಸಿ ಬಂದೆ. ಯಾಕೆ ಅಂತ ಕೇಳಬೇಡಿ.

ನನ್ನದೊಂದು ಲೋಡ್ ಕಥೆಯೂ ಇದೆ. ಆಟದ ನಡುವೆ ರಾವೆಲ್ ಅನ್ನೋ ಮಾಟಗಾತಿ ಒಂದು ಪ್ರಶ್ನೆ ಕೇಳುತ್ತಾಳೆ: ಮನುಷ್ಯನ ಸ್ವಭಾವವನ್ನು ಬದಲಿಸುವಂಥದ್ದು ಯಾವುದು? 'ಹುಟ್ಟುಗುಣ ಸುಟ್ಟರೂ ಹೋಗದು' ಅಂತ ನಮ್ಮಜ್ಜಿ ದಿನಕ್ಕೆರಡು ಸಲ ನನಗೇ ಹೇಳೋರು. ಅಂಥ ಮನೆಯವನಿಗೆ ಇಂಥ ಪ್ರಶ್ನೆ! ತುಂಬ ಹೊತ್ತು ಕೂತು 'ಪಶ್ಚಾತ್ತಾಪ' ಅಂತ ಆರಿಸಿದೆ. ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು, ಬದಲಿಸಿರಲಿಲ್ಲ. ಮೂರು ಗಂಟೆಯ ಆಟ ಹೋಯ್ತು. ಮರುದಿನ ರಾತ್ರಿ ಮತ್ತೆ ಅವಳ ಮುಂದೆ ನಿಂತಾಗ ಸಿಟ್ಟಿನಲ್ಲಿ ಬೇರೆ ಉತ್ತರ ಒತ್ತಿದೆ. ಅವಳು ಅದನ್ನೂ ಒಪ್ಪಿಕೊಂಡಳು! ಹಿಂದೆ ಬಂದವರಿಗೆಲ್ಲ ಅದೇ ಪ್ರಶ್ನೆ ಕೇಳಿ ಕೊಂದಿದ್ದಳು. ಉತ್ತರ ತಪ್ಪು ಅಂತಲ್ಲ, ಉತ್ತರ ಆ ಹೆಸರಿಲ್ಲದ ನಾಯಕನದಲ್ಲ ಅಂತ. ಅವಳಿಗೆ ಬೇಕಿದ್ದದ್ದು ಇವನ ಬಾಯಿಂದ ಬಂದ ಉತ್ತರ, ಯಾವುದಾದರೂ ಸರಿ. ಎರಡರಲ್ಲಿ ನನ್ನದು ಯಾವುದು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪ್ರಶ್ನೆ: ನೀವು ಹೇಳುತ್ತಿರುವುದನ್ನೆಲ್ಲ ನಮ್ಮ ನವ್ಯರು ಅರವತ್ತರ ದಶಕದಲ್ಲೇ ಮಾಡಿ ಮುಗಿಸಿದ್ದಾರೆ. ಪ್ರಾಣೇಶಾಚಾರ್ಯರನ್ನು ಓದಿದವನಿಗೆ ಈ ಗುಂಡಿ ಒತ್ತುವ ಆಟ ಯಾಕೆ ಬೇಕು?
– ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

ಉತ್ತರ: ಮೇಷ್ಟ್ರೇ, ನಮಸ್ಕಾರ. ಆಚಾರ್ಯರ ಕಥೆ ಹೇಳುವ ಅನಂತಮೂರ್ತಿಯವರ 1965ರ ಕಾದಂಬರಿ 'ಸಂಸ್ಕಾರ'ವನ್ನು ನಾನು ಮೂರು ಸಲ ಓದಿದ್ದೇನೆ. ಹೊರಗೆ ನಾರಣಪ್ಪನ ಹೆಣ ಕೊಳೆಯುತ್ತಿದೆ, ಒಳಗೆ ಆಚಾರ್ಯರು ಗ್ರಂಥ ತಿರುವುತ್ತಲೇ ಇದ್ದಾರೆ, ಗ್ರಂಥದಲ್ಲಿ ಉತ್ತರ ಇಲ್ಲ. ಡಿಸ್ಕೋ ಎಲಿಸಿಯಮ್‌ನ ಮರದ ಮೇಲಿನ ಹೆಣ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಆ ಅಗ್ರಹಾರವೇ. ಆದ್ದರಿಂದ ಜಗಳ ಬೇಡ.

ಆದರೆ ಆಚಾರ್ಯರು ತಡಮಾಡುವಾಗ ನಾನು ಈಜಿಚೇರ್‌ನಲ್ಲಿ ಕೂತು 'ಛೇ' ಅನ್ನಬಹುದು. ಆಟದಲ್ಲಿ ತಡಮಾಡೋನು ನಾನೇ. ಟಾರ್ಮೆಂಟ್‌ನಲ್ಲಿ ಒಂದು ಚಮತ್ಕಾರ ಇದೆ. ಕೆಲವು ಕಡೆ ಒಂದೇ ವಾಕ್ಯ ಎರಡು ಸಲ ಕಾಣುತ್ತದೆ. ಒಂದರ ಹಿಂದೆ 'ನಿಜ' ಅಂತ, ಇನ್ನೊಂದರ ಹಿಂದೆ 'ಸುಳ್ಳು' ಅಂತ. 'ನಿನಗೆ ಸಹಾಯ ಮಾಡ್ತೀನಿ' ಅಂತ ಮನಸ್ಸಿಟ್ಟು ಹೇಳ್ತೀಯೋ, ಬಾಯಿಮಾತಿಗೆ ಹೇಳ್ತೀಯೋ? ಎದುರಿನವನಿಗೆ ಕೇಳಿಸೋದು ಒಂದೇ ಮಾತು. ವ್ಯತ್ಯಾಸ ಗೊತ್ತಿರೋದು ನಿಮಗೆ ಮಾತ್ರ. ಕಾದಂಬರಿಯಲ್ಲಿ ಈ ಆರೋಪ ಪಾತ್ರದ ಮೇಲೆ ಬೀಳುತ್ತದೆ, ಇಲ್ಲಿ ನನ್ನ ಬೆರಳಿನ ಮೇಲೆ.

ನೀವು ಕೇಳದೇ ಬಿಟ್ಟ ಆಕ್ಷೇಪವನ್ನು ನಾನೇ ಹೇಳಿಬಿಡುತ್ತೇನೆ, ಅದು ಗಟ್ಟಿಯಾದದ್ದು. ಪರದೆ ಮೇಲೆ ಕಾಣುವ ನಾಲ್ಕು ಆಯ್ಕೆಗಳನ್ನು ಬರೆದವನು ನಾನಲ್ಲ. ಐದನೆಯದು ಹೇಳೋಣ ಅಂದರೆ ಜಾಗವಿಲ್ಲ. ಬೇರೆಯವರು ಹಾಕಿದ ಬೇಲಿಯೊಳಗಿನ ಸ್ವಾತಂತ್ರ್ಯ. ಇದಕ್ಕೆ ನನ್ನ ಹತ್ರ ಉತ್ತರವಿಲ್ಲ.

ಪ್ರಶ್ನೆ: ನನ್ನದು ಹಳೇ ಕಂಪ್ಯೂಟರ್. ಎಲ್ಲಿಂದ ಶುರು ಮಾಡಲಿ?
– ಓದುಗ, ಚಿತ್ರದುರ್ಗ

ಉತ್ತರ: ಟಾರ್ಮೆಂಟ್‌ನಿಂದ. 2017ರಲ್ಲಿ ಅದರ ಹೊಸ ಆವೃತ್ತಿ ಬಂದಿದೆ, ಫೋನಿನಲ್ಲೂ ಓಡುತ್ತದೆ. ಜಗಳಕ್ಕಿಂತ ಓದು ಜಾಸ್ತಿ. ನಿಘಂಟು ಪಕ್ಕದಲ್ಲಿರಲಿ. ಮೊದಲಲ್ಲೇ ಸಿಗುವ ತೇಲುವ ಬುರುಡೆ ನಿಮ್ಮ ಬೆನ್ನಿನ ಹಚ್ಚೆಯನ್ನು ಓದಿ ಹೇಳುತ್ತದೆ. ಪೂರ್ತಿ ಓದುತ್ತದೆ ಅಂತ ನಂಬಬೇಡಿ.

ಪ್ರಶ್ನೆ: ಬದುಕಿಗೆ ಮೊದಲೇ ಬರೆದಿಟ್ಟ ಅರ್ಥವಿಲ್ಲ ಅಂದಮೇಲೆ ಆಟ ಯಾಕೆ ಮುಗಿಸಬೇಕು?
– ತಲೆಹರಟೆ, ಶಿರಸಿ

ಉತ್ತರ: ತಲೆಹರಟೆಯವರೇ, 2017ರಲ್ಲಿ ಜಪಾನಿನ ಯೊಕೊ ತಾರೊ ಮಾಡಿದ ನಿಯರ್: ಆಟೊಮಾಟಾ ಆಡಿದ್ದೀರಾ? ಮನುಷ್ಯರಿಗಾಗಿ ಯಂತ್ರಗಳ ಮೇಲೆ ಯುದ್ಧ ಮಾಡುವ ಆಂಡ್ರಾಯ್ಡ್‌ಗಳ, ಅಂದರೆ ಮನುಷ್ಯರಂತೆ ಕಾಣುವ ರೋಬಾಟ್‌ಗಳ ಕಥೆ. ಮನುಷ್ಯರು ಸತ್ತು ಯಾವ ಕಾಲವಾಯಿತೋ, ಅದು ಅವುಗಳಿಗೆ ಗೊತ್ತಿಲ್ಲ. ಅದರಲ್ಲಿ ಪಾಸ್ಕಲ್ ಅನ್ನೋ ಯಂತ್ರ ಜರ್ಮನ್ ತತ್ವಜ್ಞಾನಿ ನೀಟ್ಷೆಯನ್ನು ಓದುತ್ತದೆ. ಜಾನ್-ಪಾಲ್ ಅನ್ನೋ ಇನ್ನೊಂದಕ್ಕೆ ಅಭಿಮಾನಿ ಯಂತ್ರಗಳು ನಿಮ್ಮ ಕೈಯಲ್ಲಿ ಉಡುಗೊರೆ ಕಳಿಸುತ್ತವೆ, ಅದು ತಿರುಗಿಯೂ ನೋಡಲ್ಲ. ಸಾರ್ತ್ರ್‌ಗೆ ಇಟ್ಟ ಗುನ್ನ.

ಅದಕ್ಕೆ ಹಲವು ಮುಕ್ತಾಯಗಳಿವೆ. ಐದನೆಯದರಲ್ಲಿ ಆಟ ಮಾಡಿದವರ ಹೆಸರುಗಳು ಪರದೆ ಮೇಲೆ ಬರುತ್ತಾ ನಿಮ್ಮ ಮೇಲೇ ಗುಂಡು ಹಾರಿಸುತ್ತವೆ. ಒಬ್ಬರೇ ದಾಟೋದು ಬಹಳ ಕಷ್ಟ. ಸೋತು ಸೋತು ಕೂತಾಗ ಎಲ್ಲೆಲ್ಲಿಯದೋ ದೇಶದ ಆಟಗಾರರ ಸಹಾಯ ಬರುತ್ತದೆ. ಅವರು ನಿಮ್ಮ ಸುತ್ತ ನಿಂತು ಏಟು ತಿನ್ನುತ್ತಾರೆ. ದಾಟಿದ ಮೇಲೆ ಪ್ರಶ್ನೆ: ಗುರುತಿಲ್ಲದ ಒಬ್ಬರಿಗೆ ಹೀಗೇ ನೆರವಾಗೋದಕ್ಕೆ ನಿನ್ನ ಸೇವ್ ಫೈಲ್, ಅಂದರೆ ಆಡಿದ್ದೆಲ್ಲದರ ದಾಖಲೆ, ಪೂರ್ತಿ ಅಳಿಸಲಾ? ನೆರವು ಪಡೆಯೋರು ನಿನಗೆ ಇಷ್ಟವಿಲ್ಲದವರೂ ಆಗಿರಬಹುದು. ಆದರೂ ಅಳಿಸಲಾ?

ಮಗಳು ಹಿಂದೆ ನಿಂತು ನೋಡುತ್ತಿದ್ದಳು. ಮೇಲೆ ಇಷ್ಟೆಲ್ಲಾ ಉಪದೇಶ ಮಾಡಿದ ಈ ಮಹಾನುಭಾವ 'ಬೇಡ' ಅಂತ ಒತ್ತಿದ. ಅರವತ್ತು ಗಂಟೆ ಆಡಿದ್ದೆ, ಕೈ ಬರಲಿಲ್ಲ. 'ಅಪ್ಪಾ, ನಿನಗೆ ಸಹಾಯ ಮಾಡಿದೋರು ಅಳಿಸಿದ್ದಕ್ಕೇ ತಾನೇ ನೀನು ದಾಟಿದ್ದು?' ಅಂದಳು. ಆ ಫೈಲ್ ಇನ್ನೂ ನನ್ನ ಮಷಿನ್‌ನಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಆಡಲ್ಲ.