14 ವರ್ಷದ ಆಲ್ಟೊ: ರಿಪೇರಿಗಿಂತ ಮೊದಲು ತಳ ನೋಡಿ

ಕುಂಬಳೆಯ ಮಿತ್ರರೇ, 14 ವರ್ಷದ ಆಲ್ಟೊ ಕಾರಿನ ಕ್ಲಚ್ ಮತ್ತು ಮುಂದಿನ ಸಸ್ಪೆನ್ಷನ್‌ಗೆ ಗ್ಯಾರೇಜಿನವರು 22,000 ರೂಪಾಯಿ ಹೇಳಿದ್ದಾರೆ, ಮಾಡಿಸಬೇಕೇ, ಮಾರಬೇಕೇ ಎಂದು ಕೇಳಿದ್ದೀರಿ. ಕ್ಲಚ್ ಸವೆಯುವ ವಸ್ತು. ಅದಕ್ಕಾಗಿ ಕಾರನ್ನು ಬಿಡಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಕಾರಿನ ಆಯುಷ್ಯವನ್ನು ನಿರ್ಧರಿಸುವುದು ಎಂಜಿನ್‌ಗಿಂತ ಹೆಚ್ಚಾಗಿ ತುಕ್ಕು. ಎಡಬದಿಯ ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿ, ತಗಡನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ನನ್ನ ಹಳೆಯ ಕಾರಿನಲ್ಲಿ ಹಾಗೆ ಒತ್ತಿದಾಗ ಅದು ಹಪ್ಪಳದಂತೆ ಒಡೆದು, ಅಂಗಳದ ಮುರಕಲ್ಲು ಕಂಡಿತ್ತು! ನೆಲದ ತಗಡಿಗಾದರೆ ತೇಪೆ ಹಾಕಬಹುದು. ಆದರೆ ಬಾನೆಟ್ ತೆರೆದಾಗ ಕಾಣುವ, ಸಸ್ಪೆನ್ಷನ್ ಬೋಲ್ಟುಗಳು ಕೂರುವ ಭಾಗವೇ ತುಕ್ಕು ತಿಂದಿದ್ದರೆ, ಹೊಸ ಬಿಡಿಭಾಗ ಹಾಕಿಸುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಆ ಭಾಗ ಗಟ್ಟಿಯಾಗಿದ್ದರೂ ಇನ್ನೊಂದು ಲೆಕ್ಕವಿದೆ. 15 ವರ್ಷ ತುಂಬಿದಾಗ ವಾಹನವನ್ನು ತಪಾಸಣೆಗೆ ಒಯ್ದು ನೋಂದಣಿಯನ್ನು 5 ವರ್ಷಗಳ ಮಟ್ಟಿಗೆ ನವೀಕರಿಸಬೇಕಾಗುತ್ತದೆ. ಅದರ ಶುಲ್ಕ, ಹಳೆಯ ವಾಹನಗಳಿಗೆ ಕೇರಳ ಹಾಕುವ ಹಸಿರು ತೆರಿಗೆ, ತಪಾಸಣೆಗೆ ಬೇಕಾಗುವ ಟಯರು, ಪೇಂಟಿನ ಖರ್ಚುಗಳನ್ನು ಆ 22,000ಕ್ಕೆ ಸೇರಿಸಿ, ಬಂದ ಮೊತ್ತವನ್ನು ತಾವು ಇನ್ನೆಷ್ಟು ವರ್ಷ ಓಡಿಸುವಿರೋ ಅಷ್ಟರಿಂದ ಭಾಗಿಸಿ ನೋಡಿ. ದಿನವೂ ಮಂಗಳೂರಿಗೆ ಹೋಗಿಬರುವವರಿಗೂ, ವಾರಕ್ಕೊಮ್ಮೆ ಬದಿಯಡ್ಕಕ್ಕೆ ಅಡಿಕೆ ಒಯ್ಯುವವರಿಗೂ ಉತ್ತರ ಒಂದೇ ಆಗಲಾರದು.

ಮಾರುವುದಾದರೆ, ಗಡಿಯಾಚೆ ಕರ್ನಾಟಕದ ಗಿರಾಕಿ ಹೆಚ್ಚು ಬೆಲೆ ಹೇಳಿದರೂ, ಇಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇಲ್ಲದೆ ಕಾರನ್ನು ಒಪ್ಪಿಸಬೇಡಿ. ಕರ್ನಾಟಕದಲ್ಲಿ ನೋಂದಣಿ ವರ್ಗಾವಣೆ ಆಗುವವರೆಗೆ ದಾಖಲೆಯಲ್ಲಿ ಮಾಲೀಕರು ತಾವೇ ಆಗಿರುತ್ತೀರಿ.