ಪಾರಿಜಾತದ ಮೇಲೆ ಪಿಎಚ್‌ಡಿ ಮಾಡಿದವರಿಗೆ ಕೆಲಸ ಎಲ್ಲಿದೆ?

ಪ್ರಶ್ನೆ: ಉತ್ತರ ಕರ್ನಾಟಕದ ಜನಪದ ರಂಗಕಲೆಯಾದ ಸಣ್ಣಾಟಗಳಲ್ಲಿ ಒಂದಾದ 'ಶ್ರೀಕೃಷ್ಣ ಪಾರಿಜಾತ'ದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳನ್ನು ಸುತ್ತಿ ಸುಮಾರು 60 ಗಂಟೆಯಷ್ಟು ರೆಕಾರ್ಡಿಂಗ್ ಮಾಡಿಕೊಂಡಿದ್ದೇನೆ. ಕಾಲೇಜುಗಳಲ್ಲಿ ಕಾಯಂ ಹುದ್ದೆ ಸಿಗುವ ಭರವಸೆ ಇಲ್ಲ. ನನ್ನ ಸೀನಿಯರ್‌ಗಳು ಅತಿಥಿ ಉಪನ್ಯಾಸಕರಾಗಿಯೇ ವರ್ಷ ಕಳೆಯುತ್ತಿದ್ದಾರೆ. ಮನೆಯಲ್ಲಿ "ಆಟ ಆಡೋರ ಹಿಂದ ತಿರುಗಿದ್ರ ಏನ್ ಸಿಗತೈತಿ?" ಅಂತ ಕೇಳುತ್ತಾರೆ. ಪಾಠ ಮಾಡುವುದನ್ನು ಬಿಟ್ಟು ಬೇರೆ ದಾರಿ ಇದೆಯೇ ಸರ್?
– ಸಂಶೋಧನಾ ವಿದ್ಯಾರ್ಥಿನಿ, ಬಾಗಲಕೋಟೆ ಜಿಲ್ಲೆ

ಉತ್ತರ: ಇದೆ ತಂಗಿ. ಅದರ ಅರ್ಧ ದಾರಿಯನ್ನು ನೀವು ಆಗಲೇ ನಡೆದಿದ್ದೀರಿ. 60 ಗಂಟೆಯ ರೆಕಾರ್ಡಿಂಗ್ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಜನಪದ ಕಲೆಗಳ ದಾಖಲೀಕರಣದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಪದವಿ ಸಿಕ್ಕಿ ಹತ್ತು ವರ್ಷವಾದ ಮೇಲೆ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬರುವವರನ್ನು ಕಂಡಿದ್ದೇನೆ. ಫೈಲುಗಳಿಗೆ ಹೆಸರಿರುವುದಿಲ್ಲ, ಬರೀ ಅಂಕಿ. ಹಾಡಿದವರು ತೀರಿಕೊಂಡಿರುತ್ತಾರೆ, ಯಾರ ದನಿ ಎಂದು ಗುರುತಿಸುವವರು ಊರಲ್ಲಿ ಉಳಿದಿರುವುದಿಲ್ಲ. ಅಷ್ಟು ಶ್ರಮ ಹಾಗೆ ಮೂಕವಾಗುವುದನ್ನು ನೋಡಲು ಸಂಕಟವಾಗುತ್ತದೆ. ನಿಮ್ಮದು ಹಾಗಾಗಬಾರದು.

ಈ ವಾರವೇ ಕುಳಿತು ಒಂದು ಪಟ್ಟಿ ಶುರು ಮಾಡಿ. ಪ್ರತಿ ರೆಕಾರ್ಡಿಂಗಿಗೂ ಊರು, ತಾರೀಖು, ಜಾತ್ರೆಯೋ ಮದುವೆಯೋ ಯಾವ ಸಂದರ್ಭ, ಆಟ ನಡೆಸಿ ಹಾಡುವ ಭಾಗವತರು ಯಾರು, ಗೊಲ್ಲತಿಯ ಪಾತ್ರ ಯಾರದು, ಕೊರವಂಜಿಯ ಪಾತ್ರ ಯಾರದು, ಯಾವ ಪದ (ಹಾಡು) ಎಷ್ಟನೇ ನಿಮಿಷಕ್ಕೆ ಬರುತ್ತದೆ, ಇಷ್ಟನ್ನೂ ಬರೆಯಿರಿ. ಕಲಾವಿದರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಅಕ್ಷರ ಬಾರದವರಿದ್ದರೆ ಅವರ ಮಾತಿನಲ್ಲೇ ದಾಖಲಿಸಿ. ಇದು ಬರೀ ಸೌಜನ್ಯದ ಮಾತಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಇದೆ. ಎಲ್ಲದರ ಒಂದೊಂದು ಪ್ರತಿಯನ್ನು ಆಯಾ ಮೇಳಕ್ಕೆ ಕೊಟ್ಟು ಬನ್ನಿ. ಅವರ ಮಕ್ಕಳು ಅದನ್ನು ಮೊಬೈಲಿನಲ್ಲಿ ಕೇಳಲಿ.

ನೌಕರಿ ಕೇಳಿದರೆ ಪಟ್ಟಿ ಮಾಡಲು ಹೇಳುತ್ತಾರಲ್ಲ ಎನ್ನಬೇಡಿ. ನೌಕರಿ ಕೊಡಿಸುವುದು ಇದೇ ಕೆಲಸ. ಹಳ್ಳಿಗೆ ಹೋಗಿ ಜನರ ಜೊತೆ ಕೂತು ಮಾತಾಡುವುದು, ಕೇಳಿದ್ದನ್ನು ಒಪ್ಪವಾಗಿ ಜೋಡಿಸುವುದು, ಅನುಮತಿಯ ಲೆಕ್ಕ ಇಡುವುದು, ಕೊನೆಗೆ ವಿಷಯ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಅದನ್ನು ಮುಂದಿಡುವುದು: ಸಂಗ್ರಹಾಲಯಗಳಿಗೂ ದಾಖಲೆ ಕೇಂದ್ರಗಳಿಗೂ ಬೇಕಾದವರು ಇದನ್ನು ಬಲ್ಲವರು. ಬೆಂಗಳೂರಿನ ಎನ್‌ಸಿಬಿಎಸ್ ಜೀವವಿಜ್ಞಾನದ ಸಂಸ್ಥೆ. ಅಲ್ಲೂ 2019ರಿಂದ ಒಂದು ಆರ್ಕೈವ್, ಅಂದರೆ ದಾಖಲೆಗಳ ಸಂಗ್ರಹ ಇದೆ, ಅಲ್ಲಿ ವಿಜ್ಞಾನಿಗಳ ಕಾಗದಪತ್ರಗಳನ್ನೂ ಬಾಯಿಮಾತಿನ ನೆನಪುಗಳನ್ನೂ ಕಾಪಿಡುತ್ತಾರೆ. ಜೆ.ಪಿ. ನಗರದ ಸಂಗೀತ ಮ್ಯೂಸಿಯಂ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ, ರಾಮನಗರದ ಜಾನಪದ ಲೋಕ, ಉಡುಪಿ ಎಂಜಿಎಂ ಕಾಲೇಜಿನ ಜನಪದ ರಂಗಕಲೆಗಳ ಸಂಶೋಧನ ಕೇಂದ್ರ, ನಿಮಗೆ ಹತ್ತಿರದ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ. ಇವನ್ನೆಲ್ಲ ಒಮ್ಮೆಯಾದರೂ ನೋಡಿ ಬನ್ನಿ. ಹುದ್ದೆಗಳು ಕಡಿಮೆ, ಹೆಚ್ಚಿನವು ಒಂದೆರಡು ವರ್ಷದ ಯೋಜನೆಯ ಲೆಕ್ಕದಲ್ಲಿ ಬರುತ್ತವೆ. ಹಾಗಿದ್ದರೂ ಒಂದು ಯೋಜನೆಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದವರನ್ನು ಮುಂದಿನದಕ್ಕೆ ಹುಡುಕಿಕೊಂಡು ಬರುತ್ತಾರೆ, ಇದನ್ನು ನಾನೇ ಕಂಡಿದ್ದೇನೆ.

ವಿಶ್ವವಿದ್ಯಾಲಯಗಳಲ್ಲಿ ಈಗ 'ಪಬ್ಲಿಕ್ ಹ್ಯುಮ್ಯಾನಿಟೀಸ್' ಎಂಬ ಮಾತು ಓಡಾಡುತ್ತಿದೆ. ಸಾಹಿತ್ಯ, ಇತಿಹಾಸ, ಕಲೆಯ ತಿಳಿವನ್ನು ತರಗತಿಯ ಆಚೆ ಜನರ ನಡುವೆ ತರುವುದು ಎಂದರ್ಥ. ಹೆಸರು ಹೊಸದು, ಕೆಲಸ ನಮ್ಮಲ್ಲಿ ಹಳೆಯದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್ ಅಡಿಕೆ ತೋಟಗಳ ನಡುವಿನ ಊರಿಗೆ ನಾಟಕ ಮಾತ್ರ ತರಲಿಲ್ಲ. ಚಿತ್ರಸಮಾಜ ಕಟ್ಟಿ ಲೋಕದ ಸಿನಿಮಾ ತೋರಿಸಿತು, ಸಂಸ್ಕೃತಿ ಶಿಬಿರ ನಡೆಸಿತು, 1985ರಿಂದ 'ತಿರುಗಾಟ'ದ ಮೂಲಕ ಊರೂರಿಗೆ ನಾಟಕ ಒಯ್ದಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಬಗೆಯ ಕೆಲಸಕ್ಕೆ. ನೀವು ಒಂದು ಸಂಜೆ ಲೋಕಾಪುರದಲ್ಲೋ ಮುಧೋಳದಲ್ಲೋ ಹಳೆಯ ಭಾಗವತರೊಬ್ಬರನ್ನು ಕೂರಿಸಿ, ಅವರು ಹಾಡಿದ ಪದಕ್ಕೆ ಹೈಸ್ಕೂಲು ಮಕ್ಕಳಿಗೆ ಅರ್ಥ ಬಿಡಿಸಿ ಹೇಳಿದರೆ ಅದೂ ಇದೇ. ಅಂಥ ಒಂದೆರಡು ಕಾರ್ಯಕ್ರಮ ಮಾಡಿ, ಫೋಟೊ, ಖರ್ಚಿನ ಲೆಕ್ಕ, ಬಂದವರು ಆಡಿದ ಮಾತು ಎಲ್ಲವನ್ನೂ ಇಟ್ಟುಕೊಳ್ಳಿ. ಅರ್ಜಿ ಹಾಕುವಾಗ ಥೀಸಿಸ್ಸಿನ ಶೀರ್ಷಿಕೆಗಿಂತ ಇದು ಹೆಚ್ಚು ಮಾತಾಡುತ್ತದೆ.

ಇನ್ನು ದುಡ್ಡಿನ ವಿಷಯ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ 25ರಿಂದ 40 ವಯಸ್ಸಿನವರಿಗೆ, ತಿಂಗಳಿಗೆ 10,000 ರೂಪಾಯಿಯಂತೆ ಎರಡು ವರ್ಷ. ಅದೊಂದರಲ್ಲೇ ಸಂಸಾರ ನಡೆಯುವುದಿಲ್ಲ, ಆದರೆ ಹಳ್ಳಿ ಸುತ್ತುವ ಖರ್ಚಿಗೆ ಆಸರೆ. ಅರ್ಜಿಗೆ ಮೊದಲು ಆ ವರ್ಷದ ಪ್ರಕಟಣೆ ಓದಿಕೊಳ್ಳಿ, ಒಂದೇ ಹೊತ್ತಿಗೆ ಎರಡು ಫೆಲೋಶಿಪ್ ಪಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾ ಸಂಶೋಧನೆಗೆ, ಶಾಲೆಗಳಲ್ಲಿ ಕಲೆ ಕಲಿಸುವುದಕ್ಕೆ, ದಾಖಲೆ ಸಂಗ್ರಹಗಳ ಮೇಲಿನ ಕೆಲಸಕ್ಕೆ ಅನುದಾನ ಕೊಡುತ್ತದೆ. ಅದಕ್ಕೆ ಕನ್ನಡದಲ್ಲೇ ಪ್ರಸ್ತಾವ ಬರೆಯಬಹುದು. ಇಂಗ್ಲಿಷ್ ಅಂಜಿಕೆಯಿಂದ ಹಿಂದೆ ಸರಿದ ಎಷ್ಟೋ ಒಳ್ಳೆಯ ಹುಡುಗರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆ ಬಿಡಬೇಡಿ. ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕರೆ ಅದನ್ನೂ ಮಾಡಿ. ಬಾಡಿಗೆ ಕಟ್ಟುವುದು ಒಂದು ಕೆಲಸದಿಂದ, ಹೆಸರು ಬರುವುದು ಇನ್ನೊಂದರಿಂದ ಆದರೆ ಅದರಲ್ಲಿ ಕೊರತೆಯೇನಿಲ್ಲ. ಈ ಕ್ಷೇತ್ರದಲ್ಲಿ ನಾನು ಬಲ್ಲವರು ಹೆಚ್ಚಿನವರು ಹಾಗೆಯೇ ಬದುಕು ಕಟ್ಟಿಕೊಂಡಿದ್ದಾರೆ. ಮನೆಯವರಿಗೆ ಒಂದು ಸಲ ಆ ಪಟ್ಟಿಯನ್ನೇ ತೋರಿಸಿ. ಅವರಿಗೆ ಗೊತ್ತಿರುವ ಹಳ್ಳಿಗಳ, ಗೊತ್ತಿರುವ ಮನುಷ್ಯರ ಹೆಸರು ಅದರಲ್ಲಿರುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಎಂ.ಎ. ಇಂಗ್ಲಿಷ್ ಎರಡನೇ ವರ್ಷ ಓದುತ್ತಿದ್ದೇನೆ. ಹವ್ಯಾಸಿ ತಂಡದಲ್ಲಿ ನಾಲ್ಕು ನಾಟಕ ಮಾಡಿದ್ದೇನೆ. ಓದು ಬಿಟ್ಟು ಈಗಲೇ ರಂಗ ತರಬೇತಿಗೆ ಸೇರಿಕೊಳ್ಳಲೇ?
– ವಿದ್ಯಾರ್ಥಿ, ಮೈಸೂರು

ಉತ್ತರ: ಉಳಿದಿರುವುದು ಕೆಲವೇ ತಿಂಗಳು, ಮುಗಿಸಿಬಿಡಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಡಿಪ್ಲೊಮಾಕ್ಕೆ ಪದವಿಯ ಜೊತೆಗೆ ಕನಿಷ್ಠ 6 ನಾಟಕಗಳ ಅನುಭವ ಕೇಳುತ್ತಾರೆ. ನಿಮಗೆ ಇನ್ನೆರಡು ಬೇಕು, ಅಷ್ಟರಲ್ಲಿ ಮಾಡಿಕೊಳ್ಳಬಹುದು. ನಿಮ್ಮ ವಿಷಯದಲ್ಲಿ ನನ್ನ ಒಲವು ಬೇರೆ: ಮೊದಲು ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲೋ ನಿಮ್ಮೂರಿನ ರಂಗಾಯಣದಲ್ಲೋ ಒಂದು ವರ್ಷ ಕಲಿಯಿರಿ. ಕನ್ನಡದಲ್ಲಿ ಮಾತು ಪಳಗಬೇಕಾದರೆ ಕನ್ನಡದಲ್ಲೇ ಕಲಿಯಬೇಕು. ಅಲ್ಲಿ ನಟನೆಯ ಜೊತೆ ಬೆಳಕು, ಪ್ರಸಾಧನ, ರಂಗಸಜ್ಜಿಕೆಯಲ್ಲಿ ಯಾವುದಾದರೂ ಒಂದನ್ನು ಕೈಗೆ ಹತ್ತುವ ಹಾಗೆ ಕಲಿತುಬಿಡಿ. ಪಾತ್ರ ಸಿಗದ ತಿಂಗಳಲ್ಲೂ ಲೈಟ್ ಮಾಡುವವರಿಗೆ ಕರೆ ಬರುತ್ತದೆ.

ಇಂಗ್ಲಿಷ್ ಎಂ.ಎ. ವ್ಯರ್ಥ ಎಂದುಕೊಳ್ಳಬೇಡಿ. ಕನ್ನಡ ನಾಟಕ ಹೊರರಾಜ್ಯದ ಉತ್ಸವಕ್ಕೆ ಹೋಗುವಾಗ ಸಬ್‌ಟೈಟಲ್ ಬರೆಯಲು ಎರಡೂ ಭಾಷೆಯ ಲಯ ಗೊತ್ತಿರುವವರು ಬೇಕು, ಅಂಥವರು ಸಿಗುವುದು ಕಷ್ಟ. ನಿಮ್ಮ ತಂಡದ ಮುಂದಿನ ನಾಟಕಕ್ಕೆ ನೀವೇ ಬರೆದು ನೋಡಿ.